ಡೆಮರುಂಗ್‌ಗೆ ಯಾವ ಗೋತ್ರ, ದೊಡ್ಡಪ್ಪ?

ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ,

ಇಷ್ಟು ಬರೆದಮೇಲೆ ಪೆನ್ನು ನಿಂತಿತು. ಹೊಡೆದುಹಾಕೋಣ ಅನ್ನಿಸಿತು, ಹಾಕಲಿಲ್ಲ. ಹಿರಿಯರಿಗೆ ಬರೆಯುವಾಗ ಹೀಗೇ ಶುರುಮಾಡಬೇಕೆಂದು ಮೈಸೂರಿನಲ್ಲಿ ನಮ್ಮಮ್ಮ ಕಲಿಸಿದ್ದು ಇನ್ನೂ ಕೈಯಲ್ಲಿ ಉಳಿದಿದೆ. ಇದರ ಮುಂದೆ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರಬೇಕು. ಅದನ್ನು ಮಾತ್ರ ಬರೆಯಲಾರೆ. ಮಗುವೊಂದನ್ನು ಬಿಟ್ಟು ಇಲ್ಲಿ ಯಾರೂ ಕ್ಷೇಮವಾಗಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತನಾಡುತ್ತೀರಿ, ನಾನು ‘ಹೂಂ ದೊಡ್ಡಪ್ಪ’ ಅನ್ನುತ್ತೇನೆ. ಹ್ಯೂಸ್ಟನ್ನಿನಲ್ಲಿ ಆಯುಷ್ಯವೆಲ್ಲ ರೋಗಿಗಳನ್ನು ಸಮಾಧಾನಪಡಿಸಿದ ಧ್ವನಿ ಅದು. ಕೋಪ ಬಂದವರನ್ನು ಅದು ಮೊದಲು ನಾಚುವಂತೆ ಮಾಡುತ್ತದೆ, ಆಮೇಲೆ ಮಲಗಿಸುತ್ತದೆ. ನನಗೆ ನಾಚಿಕೆ ಬೇಡ, ನಿದ್ದೆಯಂತೂ ಬರುವುದಿಲ್ಲ. ಅದಕ್ಕೇ ಈ ಕಾಗದ.

ಎಲ್ಲಿಂದ ಬರೆಯುತ್ತಿದ್ದೇನೆ ಗೊತ್ತೇ? ಕಾರಿನಿಂದ. ಸೀಡರ್ ಪಾರ್ಕ್ ಊರಿನ ನಮ್ಮ ಬಡಾವಣೆಯ ಕೊನೆಗೆ ಮಳೆನೀರು ನಿಲ್ಲಲೆಂದು ತೋಡಿದ ಒಂದು ಕೊಳವಿದೆಯಲ್ಲ, ನೀವು ಬಂದಾಗ ಬಾತುಕೋಳಿಗಳಿಗೆ ಚುರುಮುರಿ ಹಾಕಿ ದೊಡ್ಡಮ್ಮನ ಕೈಲಿ ಬೈಸಿಕೊಂಡಿರಲ್ಲ, ಅದರ ಪಕ್ಕ. ಪಾಪು ಕಾರು ಗುಂಯ್‌ಗುಟ್ಟುತ್ತಿದ್ದರೆ ಮಾತ್ರ ಮಲಗುತ್ತಾಳೆ. ಎಂಜಿನ್ ನಿಂತರೆ ಕಣ್ಣು ಬಿಡುತ್ತಾಳೆ. ಹಾಗಾಗಿ ದಿನವೂ ನಸುಕಿನಲ್ಲಿ ಅವಳನ್ನು ಹಿಂದಿನ ಸೀಟಿಗೆ ಕಟ್ಟಿ, ಒಂದು ಸುತ್ತು ಹೊಡೆದು, ಇಲ್ಲಿ ಬಂದು ನಿಲ್ಲುತ್ತೇನೆ. ಮಲಗಿದವಳ ಎದೆ ಏರಿಳಿಯುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡುತ್ತೇನೆ. ಕಾಣಿಸದಿದ್ದರೆ ಹಿಂದೆ ಬಾಗಿ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ‘ಹಾಗೆಲ್ಲ ಮಾಡ್ಬೇಡ, ಹುಚ್ಚಿ’ ಎಂದು ನೀವೇ ಹೇಳಿದ್ದಿರಿ. ಈಗಲೂ ಮಾಡುತ್ತೇನೆ.

ಕೊಳದಾಚೆ ಆಕಾಶ ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಜರ್ಮನ್ನರು ಇದಕ್ಕೇ ಡೆಮರುಂಗ್ ಎನ್ನುವುದು. ಈ ಪದ ನಿಮಗೆ ನೆನಪಿರಲೇಬೇಕು. ನನ್ನಿಂದ ಕೇಳಿ ತಿಳಿದುಕೊಂಡದ್ದು, ನಿಮ್ಮ ಮನೆಯ ಹಾಲಿನಲ್ಲಿ ಮೈಕು ಹಿಡಿದು ಹೇಳಿದ್ದು.

ನಾಮಕರಣಕ್ಕೆ ಹೆಸರು ಆರಿಸಿದ್ದು ನೀವೇ. ಪ್ರತ್ಯೂಷಾ. ‘ಬೆಳಗಿನ ಜಾವ ಹುಟ್ಟಿದ ಕೂಸು, ಇನ್ನೇನು ಇಡ್ತೀರಿ?’ ಎಂದಿರಿ. ನನಗೂ ಇಷ್ಟವಾಯಿತು. ಸಮಾರಂಭಕ್ಕೆ ಒಂದು ವಾರವಿರುವಾಗ ಫೋನ್ ಮಾಡಿ, ‘ಮಧುರಾ, ನೀನು ಜರ್ಮನ್ ಓದಿದೋಳು. ಅವ್ರು ಬೆಳಗಿನ ಜಾವಕ್ಕೆ ಏನಂತಾರಮ್ಮ? ನನ್ನ ಭಾಷಣಕ್ಕೆ ಬೇಕು’ ಎಂದು ಕೇಳಿದಿರಿ. ಎಷ್ಟು ಖುಷಿಯಾಯಿತು ಗೊತ್ತಾ? ಮಗು ಹುಟ್ಟಿದಮೇಲೆ ನನ್ನನ್ನು ಯಾರಾದರೂ ಹಾಲು, ಹೇಲು, ತೂಕ ಬಿಟ್ಟು ಬೇರೇನನ್ನಾದರೂ ಕೇಳಿದ್ದು ಅದೇ ಮೊದಲು. ಮೈಸೂರಿನಲ್ಲಿ ಜರ್ಮನ್ ಓದಿ, ಬೆಂಗಳೂರಿನಲ್ಲಿ ಯಂತ್ರಗಳ ಕೈಪಿಡಿ ಅನುವಾದ ಮಾಡಿ, ಇಲ್ಲಿಗೆ ಬಂದಮೇಲೂ ಅದನ್ನೇ ಮಾಡುತ್ತಿದ್ದವಳು ನಾನು. ಅಟ್ಟಕ್ಕೆ ಸೇರಿದ್ದ ಪದಕೋಶವನ್ನು ಇಳಿಸಿ, ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಅದು.

ನಾನು ನಿಮಗೆ ಹೇಳಿದ್ದೇನು? ಮತ್ತೆ ಹೇಳುತ್ತೇನೆ, ಈ ಸಲ ಕತ್ತರಿಸದೆ ಕೇಳಿ. ಡೆಮರುಂಗ್ ಎಂದರೆ ನಸುಬೆಳಕು. ಸಂಜೆಗೂ ಅದೇ ಪದ, ಮುಂಜಾವಕ್ಕೂ ಅದೇ ಪದ. ಬೆಳಗಿನದೇ ಎಂದು ಒತ್ತಿ ಹೇಳಬೇಕಾದರೆ ಮುಂದೆ ‘ಮೋರ್ಗನ್’ ಸೇರಿಸುತ್ತಾರೆ. ಸಾವಿರ ವರ್ಷದ ಹಿಂದೆ ಅಲ್ಲಿ ‘ಡೆಮರ್’ ಎನ್ನುತ್ತಿದ್ದರು. ಅದರ ಹಿಂದಕ್ಕೆ ಹೋದರೆ ಬೆಳಕು ಸಿಗುವುದೇ ಇಲ್ಲ, ಸಿಗುವುದು ಕತ್ತಲೆ. ನಮ್ಮ ಸಂಸ್ಕೃತದ ತಮಸ್ ಇದೆಯಲ್ಲ, ಅದರ ಬಳಗ. ಲಿಥುವೇನಿಯಾದವರು ಇವತ್ತಿಗೂ ಕತ್ತಲೆಗೆ ತಮ್ಸಾ ಎನ್ನುತ್ತಾರೆ, ಅದೂ ಆ ಬಳಗವೇ. ಇವರೆಲ್ಲ ಒಬ್ಬ ತಾಯಿಯ ಮಕ್ಕಳು. ಆ ತಾಯಿ ಸಂಸ್ಕೃತವಲ್ಲ, ಜರ್ಮನ್ನೂ ಅಲ್ಲ. ಅವಳು ಆಡಿದ್ದನ್ನು ಬರೆದಿಟ್ಟವರಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖವನ್ನು ವಿದ್ವಾಂಸರು ಊಹಿಸಿದ್ದಾರೆ: ‘ತೆಮ್’ ಎಂದಿದ್ದಿರಬಹುದು. ಆ ಊಹೆಯ ಮುಂದೆ ಕೋಶದಲ್ಲಿ ಒಂದು ಪುಟ್ಟ ನಕ್ಷತ್ರ ಹಾಕುತ್ತಾರೆ. ನಕ್ಷತ್ರ ಎಂದರೆ, ನಾವು ನೋಡಿಲ್ಲ, ಕೇಳಿಲ್ಲ, ಸಾಕ್ಷಿ ಇಲ್ಲ, ಆದರೂ ಇವಳೊಬ್ಬಳು ಇದ್ದಳು. ಅದು ನಾಚಿಕೆಯ ಗುರುತಲ್ಲ ದೊಡ್ಡಪ್ಪ. ಪ್ರಾಮಾಣಿಕರು ಹಾಕುವ ಗುರುತು.

ನೀವು ‘ಭಲೇ, ಭಲೇ’ ಎಂದಿರಿ. ಬರೆದುಕೊಂಡೆ ಎಂದಿರಿ.

ನಾಮಕರಣದ ದಿನ ಹ್ಯೂಸ್ಟನ್ನಿನ ಪಕ್ಕದ ಶುಗರ್‌ಲ್ಯಾಂಡಿನ ನಿಮ್ಮ ಮನೆಯ ತುಂಬ ಜನ. ಕನ್ನಡ ಸಂಘದ ಹಳಬರೆಲ್ಲ, ಹಿಂದೆ ಮಕ್ಕಳು ಫೋನು ಹಿಡಿದು. ಮೈಸೂರಿನಿಂದ ನನ್ನ ಅತ್ತೆ, ಶ್ರೀಕರನ ಅಮ್ಮ, ವಿಡಿಯೊ ಕಾಲ್‌ನಲ್ಲಿ. ಫೋನನ್ನು ಹಣ್ಣಿನ ಬುಟ್ಟಿಗೆ ಒರಗಿಸಿದ್ದೆವು. ಪೂಜೆಗೆ ಮುಂಚೆ ನೀವು ಎದ್ದು ನಿಂತಿರಿ. ‘ಜರ್ಮನ್ನರು ಮುಂಜಾವಕ್ಕೆ ಡೆಮರುಂಗ್ ಅಂತಾರೆ. ಏನದು? ನಮ್ಮ ತಮಸ್ಸಿನ ಮಗಳು! ಸಂಸ್ಕೃತದ ಮಗಳು! ಎಲ್ಲಿ ಹುಟ್ಟಿದ್ರೇನು, ಎಲ್ಲಿ ಬೆಳೆದ್ರೇನು, ಅದು ನಮ್ಮ ಮನೆ ಕೂಸು!’ ಚಪ್ಪಾಳೆ ಬಿತ್ತು. ಮಗಳಲ್ಲ, ತಂಗಿ ಎಂದು ಕೂಗಬೇಕೆನ್ನಿಸಿತು. ಮಡಿಲಲ್ಲಿ ಮಗು ಇತ್ತು, ಸುಮ್ಮನಾದೆ. ಮುದುಕರ ಹಿಗ್ಗು, ಇರಲಿ ಬಿಡು ಅಂದುಕೊಂಡೆ. ನೀವು ಸಂಘದ ವೇದಿಕೆಯಲ್ಲಿ ಕನ್ನಡವನ್ನೂ ಸಂಸ್ಕೃತದ ಮಗಳು ಎಂದಿದ್ದವರು. ಆಗಲೂ ಬಿಟ್ಟಿದ್ದೆ.

ಆಮೇಲೆ ಭಟ್ಟರು ಸಂಕಲ್ಪಕ್ಕೆ ಕೂತರು. ವಾರವೆಲ್ಲ ಆಫೀಸಿನಲ್ಲಿ ಕೋಡ್ ಬರೆದು ಶನಿವಾರ ಭಾನುವಾರ ಪೂಜೆ ಮಾಡಿಸುವ ಸುಧೀಂದ್ರ ಭಟ್ಟರು. ಒಳ್ಳೆಯವರು, ಅವರದೇನೂ ತಪ್ಪಿಲ್ಲ. ಶ್ರೀಕರ್ ಮಣೆಯ ಮೇಲೆ, ಹೊಸ ಪಂಚೆ ಸೊಂಟದಲ್ಲಿ ನಿಲ್ಲದೆ ಬೆಲ್ಟು ಕಟ್ಟಿಕೊಂಡು. ಅವನಿಗೆ ಭಾರದ್ವಾಜ ಗೋತ್ರ ಹೇಳಿದರು. ನನಗೂ ಅದೇ ಹೇಳಿದರು. ಮಗುವಿನ ಸರದಿ ಬಂದಾಗ ಒಂದು ಕ್ಷಣ ತಡೆದು, ನಿಮ್ಮ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ‘ಮಗೂಗೆ ಕಾಶ್ಯಪ ಅಂದಿದ್ರಲ್ವಾ ಡಾಕ್ಟ್ರೇ?’ ಎಂದರು.

ನೀವು ತಲೆಯಾಡಿಸಿದಿರಿ. ಬಾಯಿ ಕೂಡ ಬಿಡಲಿಲ್ಲ. ಬರೀ ತಲೆ.

ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಎಂದು ಹೇಳಿಸುವುದು ಆ ಹಾಲಿನಲ್ಲಿದ್ದ ಯಾವ ಆಂಟಿಗೆ ಗೊತ್ತಿಲ್ಲ? ಒಬ್ಬರು ಕೇಳಿಯೇ ಬಿಟ್ಟರು: ‘ಅದ್ಯಾಕ್ರೀ ಕಾಶ್ಯಪ? ನಿಮ್ದು ಭಾರದ್ವಾಜ ಅಲ್ವಾ?’ ನೀವು ನಕ್ಕು, ‘ಏನೋ ಶಾಸ್ತ್ರದ ಸೂಕ್ಷ್ಮ’ ಎಂದಿರಿ. ಹಣ್ಣಿನ ಬುಟ್ಟಿಯ ಕಡೆಯಿಂದ ಅತ್ತೆ, ‘ಶ್ರೀಕರ, ಸರಿಯಾಗಿ ಕೇಳಿಸ್ಲಿಲ್ಲ ಕಣೋ, ಏನಂದ್ರು?’ ಎಂದರು. ಭಟ್ಟರು ಶ್ರೀಕರನಿಗೆ, ‘ಹೇಳಿ ಸರ್, ನಾನು ಹೇಳಿದ ಹಾಗೇ ಹೇಳಿ’ ಎಂದರು.

ಅವನು ಹೇಳಿದ, ದೊಡ್ಡಪ್ಪ. ಅಷ್ಟು ಜನರ ಮುಂದೆ ಇನ್ನೇನು ಮಾಡುತ್ತಾನೆ? ‘ಕಾಶ್ಯಪ ಗೋತ್ರೋದ್ಭವಾಯಾಃ’ ಎಂದು ತನ್ನ ಬಾಯಿಂದಲೇ ಹೇಳಿದ. ಈ ಕೂಸು ನನ್ನದಲ್ಲ ಎಂದು ಅಪ್ಪನ ಬಾಯಲ್ಲೇ ಹೇಳಿಸಿದಿರಿ. ಅಕ್ಕಿಯ ತಟ್ಟೆಯ ಮೇಲೆ ಉಂಗುರ ಹಿಡಿದು ಅವಳ ಹೆಸರನ್ನು ಅವನು ಎಷ್ಟು ಅವಸರದಲ್ಲಿ ಗೀಚಿದನೆಂದರೆ, ಅಲ್ಲಿ ಏನು ಬರೆದಿದೆ ಎಂದು ದೇವರಿಗೂ ಓದಲಾಗಿರಲಿಕ್ಕಿಲ್ಲ.

ಈ ವಿಷಯ ಗೊತ್ತಿದ್ದದ್ದು ಮೂವರಿಗೆ. ನನಗೆ, ಅವನಿಗೆ, ನಿಮಗೆ. ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ನಿಮ್ಮ ಹಿತ್ತಲಿನ ಪೆಕಾನ್ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಲ್ಯಾಬಿನ ವರದಿಗಳನ್ನು ಕನ್ನಡಕದ ಮೇಲಿನಿಂದ ನೋಡಿ ನೀವೇ ಅವನಿಗೆ ಹೇಳಿದ್ದಿರಿ: ‘ಇದು ಜ್ವರ ಬಂದ ಹಾಗೆ ಕಣೋ. ಗಂಡಸ್ತನದ ಮಾತು ಇದರಲ್ಲಿ ಎಲ್ಲಿ ಬಂತು? ಡೋನರ್ ವೀರ್ಯ ತಗೊಳ್ಳಿ. ಮಗು ಅತ್ತಾಗ ಎದ್ದು ಯಾವನು ಡಯಾಪರ್ ಬದಲಾಯಿಸ್ತಾನೋ ಅವನೇ ಅಪ್ಪ. ಮಿಕ್ಕಿದ್ದು ಲ್ಯಾಬಿನವರ ಕೆಲಸ.’ ಶ್ರೀಕರ್ ನಿಮ್ಮ ಮೊಣಕಾಲಿಗೆ ತಲೆಯಿಟ್ಟು ಅತ್ತ. ನೀವು ಅವನ ಬೆನ್ನು ಸವರುತ್ತ, ಮರದ ಮೇಲಿನ ಅಳಿಲನ್ನು ಬೈಯುತ್ತ ಕೂತಿರಿ. ಆವತ್ತು ನೀವು ನನಗೆ ನಿಜವಾಗಿಯೂ ತೀರ್ಥರೂಪರಾದಿರಿ. ಆ ಪದವನ್ನು ಮೇಲೆ ಹೊಡೆದುಹಾಕದೆ ಬಿಟ್ಟದ್ದು ಅಮ್ಮ ಕಲಿಸಿದ್ದಕ್ಕಲ್ಲ, ಆ ಮಧ್ಯಾಹ್ನಕ್ಕಾಗಿ.

ಆ ಮಾತು ಆಡಿದವರೂ ನೀವೇ, ಭಟ್ಟರ ಕಿವಿಯಲ್ಲಿ ಊದಿದವರೂ ನೀವೇ. ಇದನ್ನು ನನ್ನ ತಲೆ ಒಪ್ಪುತ್ತಿಲ್ಲ. ಅದಕ್ಕೇ ನಿದ್ದೆ ಬರುವುದಿಲ್ಲ. ಮಗುವಿನ ಮೇಲೆ ಹೊರಿಸಬೇಡಿ, ಅವಳು ಎಷ್ಟೋ ಸಲ ಮಲಗಿಯೇ ಇರುತ್ತಾಳೆ.

ಮರುದಿನ ನಾನು ಕೇಳಿದಾಗ ನೀವು ಕೊಟ್ಟ ಉತ್ತರ ಒಂದಕ್ಷರ ಮರೆತಿಲ್ಲ. ‘ಸೈನ್ಸ್ ಬೇರೆ, ಸಂಕಲ್ಪ ಬೇರೆ ಕಣಮ್ಮ. ದೇವರ ಮುಂದೆ ಸುಳ್ಳು ಹೇಳಿಸೋಕೆ ನನ್ನ ಮನಸ್ಸು ಒಪ್ಪಲಿಲ್ಲ. ಕಾಶ್ಯಪ ಅಂದ್ರೆ ಕೀಳೇನಲ್ಲ, ಎಲ್ಲರ ಮೂಲಾನೂ ಅವರೇ. ನೀನು ಓದ್ದೋಳು, ಎಮೋಷನಲ್ ಆಗ್ಬೇಡ.’ ನಾನು ‘ಹೂಂ ದೊಡ್ಡಪ್ಪ’ ಅಂದೆ. ಆ ಹೂಂ ಅನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಎಲ್ಲರ ಮೂಲವೂ ಅವರೇ ಆದರೆ ನಿಮ್ಮ ಮಗಳು ಪ್ರಗತಿ ಅಕ್ಕನ ಮಕ್ಕಳಿಗೆ ಯಾಕೆ ಕಾಶ್ಯಪ ಹೇಳಿಸಲಿಲ್ಲ? ನಿಮಗೆ ಯಾಕೆ ಹೇಳಿಕೊಳ್ಳುವುದಿಲ್ಲ? ಸುಳ್ಳಿಗೆ ಹೆದರುವವರು ಅದೇ ಹಾಲಿನಲ್ಲಿ, ಅದೇ ದೇವರ ಮುಂದೆ, ಡೆಮರುಂಗ್ ಸಂಸ್ಕೃತದ ಮಗಳು ಎಂದು ಸಾರಿದ್ದು ಹೇಗೆ? ನಿಜ ಏನೆಂದು ಒಂದು ವಾರ ಮೊದಲೇ ನಾನು ಹೇಳಿದ್ದೆ. ಯಾವುದೋ ದೇಶದ, ಯಾವುದೋ ಜನದ ಒಂದು ಪದ. ಅದು ನಿಮ್ಮ ತೋಳಿನಲ್ಲಿ ಮಲಗಿಲ್ಲ, ನಿಮ್ಮ ಬೆರಳು ಹಿಡಿದಿಲ್ಲ, ನಿಮ್ಮ ಶರಟಿನ ಮೇಲೆ ಹಾಲು ಕಕ್ಕಿಲ್ಲ. ಅದಕ್ಕೆ ಸಾಕ್ಷಿ ಕೇಳದೆ ಮನೆತನ ಕೊಟ್ಟಿರಿ. ಅದೆಲ್ಲವನ್ನೂ ಮಾಡಿದ ಕೂಸು ಎದುರಿಗೇ ಇತ್ತು. ಅವಳ ಮನೆತನವನ್ನು ಒಂದು ತಲೆಯಾಟದಲ್ಲಿ ಕಿತ್ತುಕೊಂಡಿರಿ. ಡೆಮರುಂಗ್‌ಗೆ ಯಾವ ಗೋತ್ರ ದೊಡ್ಡಪ್ಪ? ಅದನ್ನು ಯಾರ ಕಿವಿಯಲ್ಲಿ ಊದಿದಿರಿ?

ಇನ್ನೊಂದು ಮಾತು. ನೀವು ಆರಿಸಿದ ಪ್ರತ್ಯೂಷಾ ಎಂಬ ಹೆಸರು ಕನ್ನಡದಲ್ಲಿ ಹುಟ್ಟಿದ್ದಲ್ಲ. ಕನ್ನಡದ್ದು ನಸುಕು, ಮುಂಜಾವು, ಬೆಳಗು. ಕನ್ನಡ ಬೇರೆಯೇ ವಂಶದ್ದು. ತಮಿಳು, ತುಳುಗಳ ಒಡಹುಟ್ಟು. ಆದರೂ ಸಂಸ್ಕೃತದಿಂದ ಬಂದ ಸಾವಿರ ಪದಗಳನ್ನು ಈ ಭಾಷೆ ಮನೆಯೊಳಗೆ ಕರೆದು, ತನ್ನ ವಿಭಕ್ತಿ ಉಡಿಸಿ, ತನ್ನ ದನಿ ಕಲಿಸಿ, ಹೊಟ್ಟೆಯಲ್ಲಿ ಹುಟ್ಟಿದವುಗಳ ಜೊತೆಗೇ ಬೆಳೆಸಿತು. ಇವತ್ತು ನೀವು ನಾನು ಮಾತನಾಡುವಾಗ ಯಾವುದು ಹುಟ್ಟಿದ್ದು, ಯಾವುದು ಬಂದದ್ದು ಎಂದು ಬೇರೆ ಮಾಡಿ ಕೂರಿಸುತ್ತೇವೆಯೇ? ಪಂಕ್ತಿಯಲ್ಲಿ ಬೇರೆ ಎಲೆ ಹಾಕುತ್ತೇವೆಯೇ? ಅಷ್ಟು ದೊಡ್ಡ ಮನಸ್ಸಿನ ಭಾಷೆಯಲ್ಲಿ ಹಾಡಿ ಮಗುವನ್ನು ತೂಗಿದವರು ನೀವು. ಅದೇ ಭಾಷೆಯಲ್ಲೇ ನಿಮಗೆ ನಾಚಿಕೆಯಾಗಲಿ ಎಂದು ಬರೆಯುತ್ತಿದ್ದೇನೆ.

ಹಿಂತಿರುಗುವಾಗ ಶ್ರೀಕರ್ ಡ್ರೈವ್ ಮಾಡಿದ. ಇನ್ನೂರ ತೊಂಬತ್ತನೆಯ ಹೈವೇ. ದಾರಿಯಲ್ಲಿ ಬ್ರೆನಮ್ ಎಂಬ ಊರು. ಎಷ್ಟೋ ತಲೆಮಾರಿನ ಹಿಂದೆ ಜರ್ಮನಿಯಿಂದ ಬಂದು ನೆಲೆಸಿದವರ ಹೆಸರುಗಳು ಅಲ್ಲಿ ಇನ್ನೂ ಅಂಗಡಿ, ರಸ್ತೆಗಳ ಮೇಲಿವೆ. ಆ ಬೋರ್ಡುಗಳನ್ನು ಓದುತ್ತ ನಾನು ಅಳು ತಡೆದುಕೊಂಡೆ. ಊರು ದಾಟಿದಮೇಲೆ ಅವನೊಂದು ಮಾತಾಡಿದ: ‘ದೊಡ್ಡಪ್ಪ ಸುಳ್ಳು ಹೇಳ್ಲಿಲ್ಲ ಅಲ್ವಾ, ಮಧು.’ ನನಗೆ ಸ್ಟಿಯರಿಂಗ್ ಕಿತ್ತುಕೊಂಡು ನಿಮ್ಮ ಮನೆಗೇ ತಿರುಗಿಸಬೇಕೆನ್ನಿಸಿತು.

ಅವನಲ್ಲಿ ಏನು ಮುರಿದಿದೆ ಎಂದು ನಿಮಗೆ ಗೊತ್ತಿಲ್ಲ. ಕೇಳಿ. ಈಗಲೂ ಡಯಾಪರ್ ಬದಲಾಯಿಸುತ್ತಾನೆ, ಸ್ನಾನ ಮಾಡಿಸುತ್ತಾನೆ, ಬೆನ್ನು ತಟ್ಟಿ ತೇಗು ಬರಿಸುತ್ತಾನೆ. ಎಲ್ಲವನ್ನೂ ಕೆಲಸಕ್ಕೆ ಬಂದವನ ಹಾಗೆ, ನೀಟಾಗಿ ಮಾಡುತ್ತಾನೆ. ಆದರೆ ನಾಮಕರಣದ ದಿನದಿಂದ ಅವಳ ಹೆಸರು ಹೇಳಿಲ್ಲ. ಪಾಪು ಅನ್ನುತ್ತಾನೆ, ಇವಳು ಅನ್ನುತ್ತಾನೆ. ಹೆಚ್‌ಇಬಿ ದಿನಸಿ ಅಂಗಡಿಯಲ್ಲಿ ಯಾರೋ ಗುಜರಾತಿ ಹೆಂಗಸು ‘ಬಿಲ್ಕುಲ್ ಪಾಪಾ ಜೈಸೀ’, ಥೇಟ್ ಅಪ್ಪನ ಹಾಗೇ, ಎಂದಾಗ, ಮೊದಲಾದರೆ ಬೀಗುತ್ತಿದ್ದವನು, ಮಗುವನ್ನು ನನ್ನ ಕೈಗೆ ಕೊಟ್ಟು ಹಾಲು ತರಲು ಹೋದ. ಹಾಲು ಆಗಲೇ ಗಾಡಿಯಲ್ಲಿತ್ತು.

ನಿಮ್ಮ ತಮ್ಮ ತೀರಿಕೊಂಡಾಗ ಅವನನ್ನು ಇಲ್ಲಿಗೆ ಕರೆಸಿ, ಓದಿಸಿ, ಕಾರು ಕಲಿಸಿ, ನನ್ನನ್ನು ನೋಡಲು ಅವನ ಜೊತೆ ಮೈಸೂರಿಗೆ ಬಂದವರು ನೀವು. ‘ನನ್ನ ಮಗ’ ಎಂದೇ ನಮ್ಮಪ್ಪನಿಗೆ ಪರಿಚಯಿಸಿದಿರಿ. ತಮ್ಮನ ಮಗ ಅನ್ನಲಿಲ್ಲ. ಆವತ್ತು ಸುಳ್ಳು ಹೇಳಿದಿರೇ? ಅಪ್ಪನಾಗುವುದು ಹೇಗೆಂದು ಅವನು ಕಲಿತದ್ದು ನಿಮ್ಮನ್ನು ನೋಡಿ. ಅವನಿಗೆ ಅಪ್ಪನಾಗಿ ನಿಂತವರೇ ಅವನನ್ನು ಅಪ್ಪನಲ್ಲ ಅಂದುಬಿಟ್ಟರೆ, ಅವನು ಎಲ್ಲಿಗೆ ಹೋಗಬೇಕು?

ಈಗ ಮುಂದಿನ ಭಾನುವಾರ ಡಾಲಸ್‌ಗೆ ಬನ್ನಿ ಎನ್ನುತ್ತೀರಿ. ಅಲ್ಲಿನ ಕಾಪೆಲ್‌ನಲ್ಲಿ ಪ್ರಗತಿ ಅಕ್ಕನ ಮನೆಯಲ್ಲಿ ಪಾಪುವಿನ ಅನ್ನಪ್ರಾಶನ, ಬೆಳ್ಳಿ ಬಟ್ಟಲು ತೆಗೆದಿಟ್ಟಾಗಿದೆ. ‘ಭಟ್ಟರಿಗೆ ಎಲ್ಲಾ ಹೇಳಿದೀನಿ, ನೀವು ಬಂದ್ರೆ ಸಾಕು’ ಎಂದು ಮೊನ್ನೆ ಮೆಸೇಜ್ ಹಾಕಿದ್ದೀರಿ. ಭಟ್ಟರಿಗೆ ಏನು ಹೇಳಿದ್ದೀರಿ, ದೊಡ್ಡಪ್ಪ?

ಇವತ್ತು ಭಟ್ಟರಿಗೆ ನಾನೇ ಫೋನ್ ಮಾಡುತ್ತೇನೆ. ಪ್ರತ್ಯೂಷಾ ಭಾರದ್ವಾಜ ಗೋತ್ರದವಳು. ಯಾಕೆ ಹಾಗೆ ಎಂದು ಕೇಳಿದರೆ, ಅವಳ ಅಪ್ಪ ಭಾರದ್ವಾಜ, ಅದಕ್ಕೆ ಎನ್ನುತ್ತೇನೆ. ಅಷ್ಟೇ ಉತ್ತರ. ಅವಳು ದೊಡ್ಡವಳಾದಮೇಲೆ ತಾನು ಹೇಗೆ ಬಂದೆನೆಂದು ನಾವಿಬ್ಬರೇ ಕೂರಿಸಿಕೊಂಡು ಹೇಳುತ್ತೇವೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇವೆ, ಕೋಶದ ಆ ನಕ್ಷತ್ರ ತೋರಿಸುತ್ತೇವೆ. ಅದು ನಮ್ಮ ಮನೆಯ ನಿಜ, ನಮ್ಮ ಮಗಳಿಗೆ ಸೇರಿದ ನಿಜ. ಅದನ್ನು ಹಾಲಿನಲ್ಲಿ ಹಂಚುವ ಅಧಿಕಾರ ನಿಮಗೆ ಯಾರೂ ಕೊಟ್ಟಿರಲಿಲ್ಲ. ನೀವು ಡಾಕ್ಟರು, ಇದನ್ನು ನಾನು ಹೇಳಿಕೊಡಬೇಕೇ?

ಆದರೆ ನಾನು ಹೇಳಿದರೆ ಸಾಲದು, ಭಟ್ಟರು ಹೇಳಿದರೂ ಸಾಲದು. ಅವನ ಬಾಯಿಂದ ಕಿತ್ತದ್ದು ನೀವು, ವಾಪಸ್ ಇಡಬೇಕಾದವರೂ ನೀವೇ. ಸಂಕಲ್ಪಕ್ಕೆ ಕೂತಾಗ ಅವನ ಪಕ್ಕ ಕೂತುಕೊಳ್ಳಿ. ಭಟ್ಟರಿಗಿಂತ ಮೊದಲು ನೀವು ಹೇಳಿ, ಆಂಟಿಯರಿಗೆಲ್ಲ ಕೇಳುವಂತೆ, ಭಾಷಣದ ಧ್ವನಿಯಲ್ಲಿ: ಭಾರದ್ವಾಜ. ಅವನು ನಿಮ್ಮ ಹಿಂದೆ ಹೇಳುತ್ತಾನೆ. ನೀವು ಹೇಳಿದ್ದನ್ನು ಹೇಳಿ ಅಭ್ಯಾಸ ಅವನಿಗೆ. ಮನಸ್ಸು ಒಪ್ಪದಿದ್ದರೆ ಹ್ಯೂಸ್ಟನ್ ಬಿಟ್ಟು ಬರಬೇಡಿ. ಮೊದಲ ತುತ್ತನ್ನು ನಾವಿಬ್ಬರೇ ಇಲ್ಲಿ, ಅಡುಗೆಮನೆಯಲ್ಲಿ ತಿನ್ನಿಸುತ್ತೇವೆ. ಆಮೇಲೆ ಅವಳನ್ನು ನಿಮ್ಮ ಮಡಿಲಿಗೆ ತರುವುದಿಲ್ಲ. ಬೆದರಿಕೆ ಅನ್ನಿ, ಏನಾದರೂ ಅನ್ನಿ.

ಬೆಳಕು ಹರಿಯುತ್ತಿದೆ. ಈಗಷ್ಟೇ ಶ್ರೀಕರ್ ಲುಂಗಿಯಲ್ಲೇ ರಸ್ತೆ ದಾಟಿ ಬಂದ, ಕೈಯಲ್ಲಿ ನನ್ನ ಕಾಫಿ. ಎದುರುಮನೆಯವರು ನಾಯಿ ಹಿಡಿದು ನಿಂತು ನೋಡುತ್ತಿದ್ದರೂ ಅವನಿಗೆ ಪರಿವೆಯಿಲ್ಲ. ಲೋಟ ನನಗೆ ಕೊಟ್ಟು, ಹಿಂದಿನ ಬಾಗಿಲು ಮೆಲ್ಲಗೆ ತೆರೆದ. ಅವಳು ಕಣ್ಣು ಬಿಟ್ಟು, ಅವನನ್ನು ಕಂಡು, ಕಾಲು ಒದ್ದು ನಕ್ಕಳು. ನನ್ನನ್ನು ಕಂಡು ಹಾಗೆ ನಗುವುದಿಲ್ಲ. ಅವಳಿಗೆ ಯಾವ ಅನುಮಾನವೂ ಇಲ್ಲ, ದೊಡ್ಡಪ್ಪ. ಅವನು ಬೆಲ್ಟು ಬಿಚ್ಚಿ, ಎತ್ತಿ, ಹೆಗಲಿಗೆ ಹಾಕಿಕೊಂಡು, ‘ಬಾರೇ’ ಎಂದ. ಮುಂದಿನ ಪದಕ್ಕೆ ನಾನು ಕಾದೆ. ‘ಬಾರೇ, ಪಾಪು’ ಎಂದ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಕಾಗದದ ಕೊನೆಗೆ ನಿಮ್ಮ ಆಶೀರ್ವಾದ ಬೇಡಬೇಕು, ಅದೂ ಅಮ್ಮ ಕಲಿಸಿದ್ದೇ. ನನಗೆ ಬೇಡ. ಭಾನುವಾರ ಬಂದರೆ ಅದನ್ನು ಅವಳ ತಲೆಯ ಮೇಲೆ ಕೈಯಿಟ್ಟು, ಅವಳ ಪೂರ್ತಿ ಹೆಸರು ಹಿಡಿದು, ಅವನಿಗೆ ಕೇಳುವ ಹಾಗೆ ಕೊಡಿ. ನೂರು ವರ್ಷ ಬಾಳು ಎಂದು ಮಾಮೂಲಿನಂತೆ ಹೇಳಿದರೆ ಸಾಕು.

ಇಂತಿ,
ಭಾರದ್ವಾಜ ಗೋತ್ರದ ಶ್ರೀಕರನ ಮಗಳು ಪ್ರತ್ಯೂಷಾಳ ತಾಯಿ,
ಮಧುರಾ